ಎಡಗಡೆಯ ಆಂಬೊಡೆ

ಲೋ ದೊರೆಸ್ವಾಮಿ,

ಇವತ್ತು ಬಸವನಗುಡಿಯಲ್ಲಿ ನಿನ್ನ ವೈಕುಂಠ ಸಮಾರಾಧನೆಯ ಊಟ ಮಾಡಿ ಬಂದೆ. ಹುಳಿ ನೀರುನೀರಾಗಿತ್ತು. ಬದುಕಿದ್ದಾಗ ಒಬ್ಬರಿಗೂ ಒಂದು ಲೋಟ ಕಾಫಿ ಕುಡಿಸದವನ ಹೆಸರಿನಲ್ಲಿ ಇನ್ನೆಂಥ ಊಟ ಸಿಕ್ಕೀತು?

ಸ್ಟ್ರೋಕ್ ಆಗಿ ನನಗೆ ಎರಡೂ ಕಣ್ಣಿಗೆ ಎಡಭಾಗ ಕಾಣದಂತಾದ ಮೇಲೆ, ಯಾವ ಪಂಕ್ತಿಯಲ್ಲೂ ನೀನು ನನ್ನ ಎಡಕ್ಕೇ ಕೂರುತ್ತಿದ್ದೆ. ಆಸರೆಗೆ ಕೂತಿದ್ದಾನೆ ಅಂತ ಜನ ಹೊಗಳಿದ್ದೇ ಹೊಗಳಿದ್ದು. ನನ್ನ ಎಲೆಯ ಆಂಬೊಡೆ ನಿನ್ನ ಬಾಯಲ್ಲಿ ಕರಕರ ಅನ್ನುವುದು ನನಗೆ ಕೇಳಿಸುತ್ತಿತ್ತು ಕಣೋ. ಕೆಟ್ಟಿದ್ದು ಕಣ್ಣು, ಕಿವಿಯಲ್ಲ.

ತಲೆಗೆ ಟೋಪಿಯಂಥದ್ದು ಹಾಕಿ, ಸಣ್ಣಗೆ ಕರೆಂಟ್ ಹರಿಸಿ, ಪರದೆಯ ಮೇಲೆ ಚುಕ್ಕೆ ಹುಡುಕಿಸುವ ಚಿಕಿತ್ಸೆಗೆ ನಾನು ಸೇರಿದಾಗ ನೀನೇನಂದೆ? "ಕಣ್ಣು ಬರಲ್ಲ ಕಣೋ, ಇರೋ ಚೂರು ಬುದ್ಧೀನೂ ಸುಟ್ಟೋಗತ್ತೆ." ಮೂರ್ಖ. ಕಣ್ಣು ಬಂತು. ಪೂರ್ತಿ ಅಲ್ಲ, ಆದರೂ ಬಂತು. ಇವತ್ತು ಎಲೆಯ ಎಡತುದಿಯ ಉಪ್ಪು, ಉಪ್ಪಿನಕಾಯಿ, ಆಂಬೊಡೆ ಎಲ್ಲ ಕಂಡವು. ಕಳ್ಳನ ಕೈಯನ್ನು ಇವತ್ತು ಹಿಡಿದೇ ಬಿಡಬಹುದಿತ್ತು. ನಿನ್ನ ಜಾಗದಲ್ಲಿ ಯಾವನೋ ಫೋನ್ ನೋಡಿಕೊಂಡು ತಿನ್ನುತ್ತಿದ್ದ. ಅವನ ಕೈ ನನ್ನ ಎಲೆಯ ಹತ್ತಿರಕ್ಕೂ ಬರಲಿಲ್ಲ.

ಮಜ್ಜಿಗೆಯ ಹೊತ್ತಿಗೆ, ಎಲ್ಲರನ್ನೂ ವಿಚಾರಿಸಿಕೊಳ್ಳುತ್ತ ಬಂದ ನಿನ್ನ ಮಗ ಕಶ್ಯಪ್ ನನ್ನ ಎಲೆ ನೋಡಿ ನಿಂತ.

"ಆಂಬೊಡೆ ಹಾಗೇ ಬಿಟ್ಟಿದೀರಲ್ಲ, ಅಂಕಲ್?"

"ಆ ಕಡೆ ಕಾಣ್ಸಲ್ಲಪ್ಪ ನಂಗೆ," ಅಂದೆ.