ಉಡಿ ತುಂಬುವ ಕೈ

ಡಿಸೆಂಬರ್ ೩, ಮಂಗಳವಾರ

ಗುಳಿಗೆ ಆಯಿತು. ಮೇಲೆ ಮತ್ತೆ ಅದೇ ಕಷಾಯ... ಬಟ್ಟಲು ತುಂಬ. ನಾದಿನಿ ಕಮಲಾಬಾಯಿ ಎದುರಿಗೇ ನಿಂತು ಕುಡಿಸಿದಳು. "ವೈನಿ, ನಿಮ್ಮ ಇಮ್ಯುನಿಟಿ ಬೆಳೀಬೇಕ." ಡಾಕ್ಟರು ಪಾರ್ಕಿನ್ಸನ್ ಅಂದ ದಿನ ಈ ಶಬ್ದ ಬಂದಿತ್ತು. ಮನೆಯವರು ಅದೊಂದನ್ನೇ ಹಿಡಿದುಕೊಂಡರು. ರೋಗ ತಡೆಯುವ ಶಕ್ತಿ ಕಡಿಮೆಯಂತೆ, ಅದಕ್ಕೇ ಬಲಗೈ ನಡುಗುವುದಂತೆ. ಇವತ್ತಿನಿಂದ ನನ್ನ ಲೋಟವೂ ಬೇರೆ. ಅಂಟುರೋಗವೇ ಇದು?

ಡಿಸೆಂಬರ್ ೬

ಮಿರಜಕ್ಕೆ ಡಾಕ್ಟರ ಹತ್ತಿರ ಹೋಗಿ ಬಂದೆವು. ಕಷಾಯದ ಮಾತು ನಾನೇ ತೆಗೆದೆ.

"ಇಮ್ಯುನಿಟಿ ಕಮ್ಮಿ ಅಂತ ನಾ ಅಂದಿಲ್ರಿ ಅಕ್ಕಾರ," ಅಂದರು ಡಾಕ್ಟರು. "ಮೈ ಕಾಯೋ ಕಣಗಳು ಮೆದುಳಾಗಿನ ನಮ್ಮ ಕಣಗಳ ಮ್ಯಾಲನ ತಿರುಗಿ ಬಿದ್ದಿರಬಹುದು. ಕಾರಣ ಇನ್ನೂ ಹುಡುಕಾಕತ್ತಾರ. ಅಂಟೋದಂತೂ ಅಲ್ಲ."

ನನ್ನ ಗಂಡ ರಾವಸಾಹೇಬರು ಪಕ್ಕದಲ್ಲೇ ಕೂತು ಕೇಳಿದರು. ಹೊರಗೆ ಬಂದ ಕೂಡಲೇ — "ಕಷಾಯ ಕುಡದ್ರ ಏನ್ ಲುಕ್ಸಾನ?" ತೋಟದ ದ್ರಾಕ್ಷಿ ಬಳ್ಳಿಗೆ ರೋಗ ಬಂದರೆ ಸಾಂಗ್ಲಿಯಿಂದ ತಜ್ಞರನ್ನು ಕರೆಸುವ ಮನುಷ್ಯ. ಹೆಂಡತಿಗೆ ಓಣಿಯವರು ಹೇಳಿದ ಕಷಾಯ!

ಕಾಯುವವರೇ ತಿರುಗಿ ಬಿದ್ದಿದ್ದಾರಂತೆ. ಮೈಯೊಳಗೆ ಮಾತ್ರವೇ?

ಡಿಸೆಂಬರ್ ೧೪

ನಾಳೆ ಮಗಳು ಸೌಂದರ್ಯಾಳನ್ನು ನೋಡಲು ಬೇಡಕಿಹಾಳದವರು ಬರುತ್ತಾರೆ. ಹುಡುಗನ ತಾಯಿಗೆ ಉಡಿ ತುಂಬಬೇಕು, ಕುಂಕುಮ ಹಚ್ಚಿ ಸೆರಗಿಗೆ ಅಕ್ಕಿ ಹಾಕಬೇಕು. ಅದು ಹೆತ್ತವಳ ಕೆಲಸ. "ಕಮಲಾ ತುಂಬತಾಳ. ನೀ ಒಳಗ ಇರು. ಕೈ ಕಂಡ್ರ ಸಂಬಂಧ ಹೋತು," ಅಂದರು ಇವರು. ಸೌಂದರ್ಯಾ ಜಗಳ ತೆಗೆದಳು, ಬೈಸಿಕೊಂಡಳು. ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ...

ಡಿಸೆಂಬರ್ ೧೫, ರವಿವಾರ, ಸಂಜೆ

ಬಂದರು. ಅವಲಕ್ಕಿ, ಚಹಾ ಆಯಿತು. ಅಡುಗೆಮನೆಯಲ್ಲಿ ಕೂತಿದ್ದೆ. ಹುಡುಗನ ತಾಯಿ ಸೋನಾಬಾಯಿ ಕೇಳಿದರು — "ಹುಡುಗಿ ಅವ್ವಾರ ಎಲ್ಲ್ಯಾರ್ರಿ?"

"ತವರಿಗೆ ಹೋಗ್ಯಾಳ್ರಿ," ಅಂದರು ಇವರು.

ತವರಿಗೆ! ಎದ್ದು ಹೊರಗೆ ಅವರೆದುರಿಗೆ ಬಂದೆ. ಕಮಲಾಬಾಯಿಯ ಕೈಯಿಂದ ಉಡಿಯ ತಾಟು ತೆಗೆದುಕೊಂಡೆ.

"ನಾನ ಅವ್ವರಿ. ಎಲ್ಲೂ ಹೋಗಿಲ್ಲ."

ಹಚ್ಚಿದ ಕುಂಕುಮ ಸೋನಾಬಾಯಿಯವರ ಹಣೆಯಿಂದ ಮೂಗಿಗೆ ಇಳಿಯಿತು. ಹಿಡಿಯಲ್ಲಿ ಅಕ್ಕಿ ತೆಗೆದರೆ ಅರ್ಧ ನೆಲಕ್ಕೆ. ಕಮಲಾಬಾಯಿ ತಾಟು ಕಸಿಯಲು ಬಂದಳು. ಬಿಡಲಿಲ್ಲ. ಸೋನಾಬಾಯಿ ನನ್ನ ಕೈ ನೋಡಿದರು. ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದರು.

"ಸಾವಕಾಶ ಹಾಕ್ರಿ. ಅವಸರ ಏನೈತಿ?"

ಅಷ್ಟೇ. ಸಂಬಂಧ ಕೂಡುತ್ತದೋ ಇಲ್ಲವೋ, ಇನ್ನೂ ಏನೂ ಹೇಳಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು. ಸೆರಗು ಒಂದಿಷ್ಟು ಅಗಲ ಮಾಡುವುದು ಇಷ್ಟು ಸುಲಭವಿತ್ತೇ? ಹಾಗಾದರೆ ನನ್ನ ಮನೆಯವರು ಇಷ್ಟು ದಿನ —