ಎರೆಹೊಲದ ನಡುವಿನ ದ್ವೀಪ

ಗದಗ
೧೨ ಸೆಪ್ಟೆಂಬರ್ ೧೯೯೯

ಪ್ರೀತಿಯ ಅಬ್ಬಾ,

ಸಲಾಮ್. ನಿಮ್ಮ ಕಾಗದ ಬಂದು ಇಪ್ಪತ್ತು ದಿನವಾಯಿತು, ಮಾಫಿ ಇರಲಿ. ಬರೆದು ಬರೆದು ಹರಿದೆ. ಬೂತಿನಿಂದ ಫೋನ್ ಮಾಡಿದ್ದರೆ ನೀವು "ಆತ್ ಬಿಡ್ ಬೇಟಾ" ಅನ್ನುತ್ತಿದ್ದಿರಿ, ನಾನೂ ಹೆದರಿ ಹೂಂ ಅಂದುಬಿಡುತ್ತಿದ್ದೆ. ಅಮ್ಮಿಯ ಮೊಣಕಾಲು ನೋವು ಹೇಗಿದೆ?

ಮೊದಲು ಇಲ್ಲಿನ ಖಬರು. ಕಳೆದ ವಾರ ಕ್ಲಾಸಿನಲ್ಲಿ ನನ್ನ ಸೆಮಿನಾರ್ ಇತ್ತು. ಬೋರ್ಡಿನ ಮೇಲೆ ಬರೆಯಹೋದರೆ ಚಾಕ್ ಜಾರಿ ಬಿತ್ತು. ಹಿಂದಿನ ಬೆಂಚಿನ ಭೀಮೇಶ, "ಜೇನವ್ವ ಬಂದ್ಲು, ಮಾರಿ ಮುಚ್ಕೋರಿ!" ಎಂದ. ಎಲ್ಲರೂ ನಕ್ಕರು. ಆದರೂ ಮುಗಿಸಿದೆ. ಟಾಪಿಕ್, ದ್ವೀಪದ ಜೇನು. ಸಮುದ್ರದ ನಡುವೆ ಸಿಕ್ಕಿಕೊಂಡ ಜೇನಿಗೆ ಹೊರಗಿನ ಗಂಡುಹುಳ ಸಿಗುವುದು ಕಷ್ಟ. ತಲೆಮಾರು ಕಳೆದಂತೆ ಎಲ್ಲದರ ಜೀನ್‌ಗಳೂ ಒಂದೇ ತರಹ ಆಗುತ್ತ ಹೋಗುತ್ತವೆ. ದೊಡ್ಡ ನೆಲದ ಜೇನಿನಲ್ಲಿ ಹತ್ತು ಬಗೆ. ರೋಗ ಬಂದರೆ ಒಂದಿಲ್ಲೊಂದು ತಡೆದುಕೊಳ್ಳುತ್ತದೆ. ದ್ವೀಪದಲ್ಲಿ ಆ ಚಾನ್ಸ್ ಕಡಿಮೆ. ಎಷ್ಟೋ ಮರಿಗಳು ಉಳಿಯುವುದೇ ಇಲ್ಲ.

ಹೇಳುತ್ತಿರುವಾಗಲೇ ಶಿಗ್ಲಿಯ ನಮ್ಮ ಜೇನುಪೆಟ್ಟಿಗೆಗಳು ಕಣ್ಣಿಗೆ ಬಂದವು. ರೋಗಕ್ಕೆ ಎಲ್ಲ ಸತ್ತ ವರ್ಷ, ಉಳಿದ ಒಂದೇ ಕುಟುಂಬವನ್ನು ಪಾಲು ಮಾಡುತ್ತ ಹದಿನಾಲ್ಕು ಪೆಟ್ಟಿಗೆ ತುಂಬಿದಿರಿ. ಸುತ್ತ ಗಿಡವಿಲ್ಲದ ಎರೆಹೊಲ. ಅದೇ ನಮ್ಮ ಸಮುದ್ರ. ಈಗ ಚೌಕಟ್ಟು ಎತ್ತಿ ನೋಡಿದರೆ ಮರಿಗಳ ನಡುನಡುವೆ ಖಾಲಿ ಕೋಣೆ, ಹಲ್ಲು ಉದುರಿದ ಬಾಯಿಯ ಹಾಗೆ. ರಜೆಯಲ್ಲಿ ನಾನು, "ಕಪ್ಪತಗುಡ್ಡದಿಂದ ಒಂದ್ ಹೊಸಾ ಜೇನು ತರ್ರಿ" ಎಂದರೆ ನೀವು, "ಹೊರಗಿನ್ವು ಕಡೀತಾವು. ಇವು ನನ್ನ ಕೈ ಗುರುತು ಹಿಡದಾವು" ಎಂದಿರಿ.

ನನ್ನ ನಿಕಾಹ್ ವಿಷಯದಲ್ಲಿ ಗೌಸಸಾಬ ಮಾಮನ ಮಾತೂ ಅದೇ. "ಮನಿ ಹುಡುಗಿ ಮನ್ಯಾಗ ಇರ್ಲಿ. ನನ್ನ ಮಗ ಇಜಾಜ ಏನ್ ಹೊರಗಿನಂವಾ?"

ಹೊರಗಿನವನಲ್ಲ, ಅದಕ್ಕೇ ಬೇಡ. ಇಜಾಜ ಒಳ್ಳೆಯವನು, ಅವನ ಮೇಲೆ ಸಿಟ್ಟಿಲ್ಲ. ಅಮ್ಮಿ ನಿಮ್ಮ ಮಾಮನ ಮಗಳು. ದಾದಾ-ದಾದಿಯದೂ ಸಂಬಂಧದೊಳಗಿನ ನಿಕಾಹ್. ಮೂರನೆಯದು ನನ್ನಿಂದ ಆಗುವುದಿಲ್ಲ. ಝೂವಾಲಜಿ ಮೇಡಂ, "ಜೇನಿನ ಮಾತು ಮಂದಿಗೆ ಹಂಗ ಹಚ್ಚಾಕ ಬರೂದಿಲ್ಲವಾ, ಡಾಕ್ಟರ್‌ನ ಕೇಳ್ರಿ" ಎಂದರು. ಖರೆ. ಆದರೆ ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರಾದರೂ ಡಾಕ್ಟರನ್ನು ಕೇಳಿದ್ದಾರಾ?

ರಂಜಾನ್ ಆದ ಮೇಲೆ ಮಾತು ಮುಗಿಸುತ್ತೇವೆ ಎಂದು ಬರೆದಿದ್ದೀರಿ. ಬೈಯಿರಿ, ಬಂದು ಎಳೆದುಕೊಂಡು ಹೋಗಿರಿ. ಹಿರಿಯರೆಲ್ಲ ಕುಂತ ಸಭೆಯಲ್ಲೇ "ಕಬೂಲ್ ಇಲ್ಲ" ಅನ್ನುತ್ತೇನೆ. ದನಿ ನಡುಗಬಹುದು, ಮಾತು ಬದಲಾಗುವುದಿಲ್ಲ.

ಅಮ್ಮಿಗೆ ಸಲಾಮ್. ನಿಮ್ಮ ಪೆಟ್ಟಿಗೆಗಳಿಗೆ ಅಲ್ಲಾಹ್ ಬರಕತ್ ಕೊಡಲಿ. ನನಗೂ ದುವಾ ಮಾಡಿರಿ, ಷರತ್ತು ಹಾಕದೆ.

ನಿಮ್ಮ ಮಗಳು,
ತಸ್ಲೀಮ

ತಾ.ಕ.: ನನ್ನ ಬೆನ್ನಿಗೆ ಹುಟ್ಟಿದ ಇಬ್ಬರು ತಮ್ಮಂದಿರು ತೀರಿಕೊಂಡಾಗ ಜನ್ನತಬಿ ದಾದಿ, "ಈಕಿ ಮನ್ಯಾಗ ಇರೂತನಕಾ ಗಂಡ್ ಕೂಸು ಉಳಿಯೂದಿಲ್ಲ" ಎಂದದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಏಳು ವರ್ಷದವಳನ್ನು ಹಾಸ್ಟೆಲಿಗೆ ಬಿಟ್ಟಿರಿ. ಆಮೇಲೆ ಹುಟ್ಟಿದ ಇನಾಯತನೂ ಎಂಟು ತಿಂಗಳಿಗೆ ಹೋದ. ಆಗ ನಾನು ಮನೆಯಲ್ಲಿ ಇರಲೇ ಇಲ್ಲ, ಅಬ್ಬಾ. ಮತ್ತೆ ನನ್ನನ್ನು ಯಾಕೆ ವಾಪಸು ಕರೆಯಲಿಲ್ಲ?