ಎರಡನೇ ಪಂಪು

ವಾರ್ಡಿನ ಹಿರಿಯ ಸಿಸ್ಟರ್ ಅವರಿಗೆ ನಮಸ್ಕಾರ.

ಆಸ್ಪತ್ರೆಯ ಖರೀದಿ ಸಮಿತಿಯ ಸಭೆಯಲ್ಲಿ ನಾನು ಹೊಸ ಇನ್‌ಫ್ಯೂಷನ್ ಪಂಪು ಒಂದೇ ಸಾಕೆಂದು ಹಟ ಹಿಡಿದಿದ್ದೆ. “ಅದೇ ದುಡ್ಡಿಗೆ ರಿಪೇರಿ ಮಾಡಿ ಪರೀಕ್ಷಿಸಿದ ಹಳೇವು ಎರಡು ಬರ್ತವೆ ಸಾರ್” ಎಂದಿರಿ. “ಯಾರೋ ಬಳಸಿ ಬಿಟ್ಟಿದ್ದು ನಮಗ್ಯಾಕೆ ಸಿಸ್ಟರ್” ಎಂದು ನಕ್ಕೆ. ನೀವು ಜಗ್ಗಲಿಲ್ಲ, ಎರಡು ಬಂದವು.

ನಿನ್ನೆ ನನ್ನ ಹೆಂಡತಿಯನ್ನು ಕರೆತಂದಾಗ ಒಂದು ಪಂಪು ಪಕ್ಕದ ಹಾಸಿಗೆಯ ಮಗುವಿಗೆ ಔಷಧಿ ಹರಿಸುತ್ತಿತ್ತು. ಇನ್ನೊಂದನ್ನು ನೀವು ಇವಳ ಬಳಿಗೆ ತಳ್ಳಿಕೊಂಡು ಬಂದಿರಿ. ನನ್ನ ಮುಖ ನೋಡಿಯೂ ಹಳೇ ಮಾತು ಎತ್ತಲಿಲ್ಲ. ಪಂಪಿಗೂ ಆ ಮೌನಕ್ಕೂ ನಾನು ಋಣಿ.

ಬೆಳಿಗ್ಗೆ ಕಣ್ಣು ಬಿಟ್ಟವಳು, “ಈ ಮಿಷನ್ ತರಿಸಿದ್ದು ನೀವೇ ಅಲ್ವಾ?” ಎಂದಳು. ನಾನು ಹೊದಿಕೆ ಸರಿಪಡಿಸಿದೆ.

ಒಂದು ವಿನಂತಿ. ಸಭೆಯ ಮಾತನ್ನು ನೀವೂ ಹೇಳಬೇಡಿ. ಎದ್ದು ಕೂತು ನನಗೆ ಬೈಯುವಷ್ಟು ಶಕ್ತಿ ಅವಳಿಗೆ ಬಂದ ದಿನ ನಾನೇ ಹೇಳುತ್ತೇನೆ.

ಇಂತಿ,
ಏಳನೇ ಹಾಸಿಗೆಯವಳ ಗಂಡ